ಸಹಾಯ ಬೇಕು: ಕೇಬಲ್‌ನಲ್ಲಿ 94, ವೈಫೈನಲ್ಲಿ 8 ಎಂಬಿಪಿಎಸ್

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ನಮ್ಮದು ಹಳೇ ಮನೆ. ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಇಂಟರ್ನೆಟ್ ಪ್ಲಾನ್ 100 ಎಂಬಿಪಿಎಸ್ ವೇಗದ್ದು. ಲ್ಯಾಪ್‌ಟಾಪ್‌ಗೆ ಕೇಬಲ್ ಹಚ್ಚಿದರೆ 94 ಬರುತ್ತದೆ. ಅದೇ ಲ್ಯಾಪ್‌ಟಾಪ್ ವೈಫೈನಲ್ಲಿ, ರೂಟರ್ ಪಕ್ಕದಲ್ಲೇ ಕೂತರೂ 35 ದಾಟಲ್ಲ. ಒಳಕೋಣೆಗೆ ಹೋದರೆ 8. ನಿನ್ನೆ ಮಗಳ ಆನ್‌ಲೈನ್ ಟೆಸ್ಟ್ ಅರ್ಧಕ್ಕೇ ನಿಂತಿತು, ಪಾಪ, ಅತ್ತೇಬಿಟ್ಟಳು.

ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ವೈಫೈ ತರಂಗ ಮಾತ್ರ, 5 ಗಿಗಾಹರ್ಟ್ಸ್ ಇಲ್ಲ. ಅಕ್ಕಪಕ್ಕದವರ ವೈಫೈ ಎಲ್ಲ 6ನೇ ಚಾನೆಲ್‌ನಲ್ಲೇ ಇತ್ತು, ನಾನು 11ಕ್ಕೆ ಬದಲಿಸಿದೆ. ಟಿವಿ ಹಿಂದೆ ಇದ್ದ ರೂಟರನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟೆ. ಸ್ವಲ್ಪ ಸುಧಾರಿಸಿತು, ಅಷ್ಟೇ.

5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ದಪ್ಪ ಗೋಡೆ ದಾಟೋದು ಇನ್ನೂ ಕಷ್ಟ ಅಲ್ವಾ? ಹಾಗಾಗಿ ಸುಮ್ನೆ ಹೊಸ ರೂಟರ್ ತಂದರೆ ಸಾಲಲ್ಲ ಅನ್ನಿಸುತ್ತದೆ. ಒಳಕೋಣೆವರೆಗೆ ಕೇಬಲ್ ಎಳೆದು ಅಲ್ಲೊಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಿಂದ ಬಂದ ಇಂಟರ್ನೆಟ್ಟನ್ನು ಅಲ್ಲೇ ವೈಫೈ ಆಗಿ ಕೊಡುವ ಪೆಟ್ಟಿಗೆ) ಹಾಕಿಸಲಾ, ಮೆಶ್ (ಮನೆಯಲ್ಲಿ ಅಲ್ಲಲ್ಲಿ ಇಟ್ಟು ಒಂದೇ ವೈಫೈ ಆಗಿ ಕೆಲಸ ಮಾಡುವ ಪೆಟ್ಟಿಗೆಗಳ ಸೆಟ್) ತಗೊಳ್ಳಲಾ? ಕಲ್ಲಿನ ಮನೆಯಲ್ಲಿ ಇರುವವರು ಯಾರಾದರೂ ದಯವಿಟ್ಟು ಹೇಳಿ.