ಪಿಯುಸಿ ಆದ ಮೇಲೆ ಅಮೆರಿಕದ ಕಮ್ಯೂನಿಟಿ ಕಾಲೇಜ್: ಓದಿದವರು, ಮಕ್ಕಳನ್ನು ಕಳಿಸಿದವರು ಸ್ವಲ್ಪ ಹೇಳಿ

ಪ್ರಶ್ನೆ: ತುಮಕೂರಿನ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗ ಎರಡನೇ ಪಿಯುಸಿ, ಪಿಸಿಎಂಸಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನನ್ನ ಭಾವಮೈದ "ಮೊದಲ ಎರಡು ವರ್ಷ ಕಮ್ಯೂನಿಟಿ ಕಾಲೇಜಿಗೆ, ಅಂದರೆ ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜಿಗೆ, ಹಾಕಿ ಭಾವ, ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಲಿ, ತುಂಬಾ ದುಡ್ಡು ಉಳಿಯುತ್ತೆ" ಅಂತಿದ್ದಾನೆ. ಇಲ್ಲಿನ ಕನ್ಸಲ್ಟೆನ್ಸಿಯವರು "ಅಂಥ ಕಾಲೇಜಿಗೆಲ್ಲ ವೀಸಾ ಕೊಡಲ್ಲ" ಅಂತಾರೆ. ಯಾರ ಮಾತು ಕೇಳಲಿ?

ಹಾಸನದ ಹುಡುಗ, ಈಗ ಸ್ಯಾಕ್ರಮೆಂಟೊ

ಸಾರ್, ನಾನು ಹೋಗಿದ್ದು ಇದೇ ದಾರಿಯಲ್ಲಿ. 2017ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಮ್ಯೂನಿಟಿ ಕಾಲೇಜ್ ಸೇರಿದೆ, 2019ರಲ್ಲಿ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಡೇವಿಸ್‌ಗೆ ಟ್ರಾನ್ಸ್‌ಫರ್ ಆದೆ, ಸಿವಿಲ್. ಹಾಗಾಗಿ ನಿಮ್ಮ ಭಾವಮೈದ ಹೇಳಿದ್ದು ಸುಳ್ಳಲ್ಲ. ಆದರೆ ಅವರು ಅರ್ಧ ಮಾತ್ರ ಹೇಳಿದ್ದಾರೆ.

ಮೊದಲು ದುಡ್ಡಿನ ವಿಷಯ. ಅಲ್ಲಿನ ಮಕ್ಕಳಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಯೂನಿಟ್‌ಗೆ (ಕೋರ್ಸ್ ಅಳೆಯುವ ಲೆಕ್ಕ, ನಮ್ಮ ಕ್ರೆಡಿಟ್ ಥರ) 46 ಡಾಲರ್. ನಮಗೆ ಅದರ ಏಳೆಂಟು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ. ಯೂಟ್ಯೂಬ್‌ನಲ್ಲಿ "ಪುಕ್ಕಟೆ ಓದು" ಅಂತ ಹೇಳುವವರೆಲ್ಲ ಲೋಕಲ್ ಲೆಕ್ಕ ಹೇಳುತ್ತಾರೆ. ಆದರೂ ಉಳಿಯುತ್ತದೆ, ಯಾಕೆಂದರೆ ಹೊರಗಿನವರಿಗೆ ಯುಸಿ ಫೀಸ್ ಈಗ ವರ್ಷಕ್ಕೆ 50,000 ಡಾಲರ್ ದಾಟಿದೆ, ಅದನ್ನು ನಾಲ್ಕು ವರ್ಷದ ಬದಲು ಎರಡು ವರ್ಷ ಕಟ್ಟಿದರೆ ಸಾಕು. ಆ ಎರಡು ವರ್ಷದ ಫೀಸ್ ಮಾತ್ರ ತಪ್ಪಿಸೋಕಾಗಲ್ಲ, ಅದನ್ನು ಈಗಲೇ ಲೆಕ್ಕಕ್ಕೆ ಹಾಕಿಕೊಳ್ಳಿ.

ಇನ್ನು ನಾನು ಎಡವಿದ ಕಥೆ. ಅಲ್ಲಿಗೆ ಹೋದ ಮೊದಲ ವಾರವೇ ಮ್ಯಾಥ್ಸ್ ಪ್ಲೇಸ್‌ಮೆಂಟ್ ಟೆಸ್ಟ್ (ಯಾವ ಮಟ್ಟದ ಕ್ಲಾಸಿಗೆ ಹಾಕಬೇಕು ಅಂತ ನೋಡುವ ಪರೀಕ್ಷೆ) ಇತ್ತು, ನಿದ್ದೆಗಣ್ಣಲ್ಲಿ ಬರೆದು ಬಂದೆ. ಇಂಟಿಗ್ರೇಷನ್ ಮುಗಿಸಿ ಹೋದವನನ್ನು ಇಂಟರ್ಮೀಡಿಯೇಟ್ ಆಲ್ಜೀಬ್ರಾಕ್ಕೆ ಹಾಕಿದರು. (ಈಗ ಆ ಟೆಸ್ಟ್ ಪದ್ಧತಿ ಬಹುಮಟ್ಟಿಗೆ ಹೋಗಿದೆ.) ಸುಲಭವಾಗಿ ಎ ಗ್ರೇಡ್ ಬರುತ್ತೆ ಅಂತ ನಾನೂ ಖುಷಿಯಾಗಿದ್ದೆ. ಡಿಸೆಂಬರ್‌ನಲ್ಲಿ ಕೌನ್ಸೆಲರ್ ಹತ್ತಿರ ಹೋದೆ. ಆಯಮ್ಮ ಅಸಿಸ್ಟ್ ಡಾಟ್ ಆರ್ಗ್ (ಯಾವ ಕೋರ್ಸ್ ಯಾವ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕೆ ಬರುತ್ತೆ ಅಂತ ತೋರಿಸುವ ಸೈಟ್) ತೆರೆದು, ಎಡಕ್ಕೆ ಡೇವಿಸ್, ಬಲಕ್ಕೆ ನಮ್ಮ ಕಾಲೇಜು ಇರುವ ಪಟ್ಟಿಯನ್ನು ಪ್ರಿಂಟ್ ತೆಗೆದರು. ಪಕ್ಕದಲ್ಲಿ ನನ್ನ ಮಾರ್ಕ್ಸ್ ಇಟ್ಟುಕೊಂಡು, ಹಸಿರು ಪೆನ್ನಿನಲ್ಲಿ ನಾಲ್ಕು ಕೋರ್ಸಲ್ಲಿ ಎರಡಕ್ಕೆ ಗೆರೆ ಎಳೆದರು. "ಇವು ಟ್ರಾನ್ಸ್‌ಫರ್ ಆಗಲ್ಲ." ಅಷ್ಟೇ. ಆಲ್ಜೀಬ್ರಾ ಒಂದು, ಟೈಂಪಾಸ್‌ಗೆ ತಗೊಂಡ ಕಂಪ್ಯೂಟರ್ ಕ್ಲಾಸ್ ಇನ್ನೊಂದು. ಎರಡಕ್ಕೂ ಎ ಗ್ರೇಡ್ ಬಂದಿತ್ತು, ಅದೇ ನಗು ಬರೋದು. ಕ್ಯಾಲ್ಕುಲಸ್ ಒಂದಾದ ಮೇಲೆ ಒಂದು ಮುಗಿಸಬೇಕಲ್ಲ, ಒಂದು ಸೆಮಿಸ್ಟರ್ ಹಿಂದೆ ಬಿದ್ದೆ. ಬೇಸಿಗೆ ರಜೆಯಲ್ಲಿ ಮತ್ತೆ ದುಡ್ಡು ಕಟ್ಟಿ ಓದಿ ಸರಿ ಮಾಡಿಕೊಂಡೆ.

ಅದಕ್ಕೇ ಹೇಳೋದು, ಕಾಲೇಜು ಆಮೇಲೆ ಹುಡುಕಿ. ಮೊದಲು ಎಲ್ಲಿಗೆ ಟ್ರಾನ್ಸ್‌ಫರ್, ಯಾವ ಮೇಜರ್ (ಮುಖ್ಯ ವಿಷಯ), ಅದನ್ನು ಗಟ್ಟಿ ಮಾಡಿ. ಅಸಿಸ್ಟ್ ಸೈಟ್ ಯಾರು ಬೇಕಾದರೂ ನೋಡಬಹುದು, ಪುಕ್ಕಟೆ, ತುಮಕೂರಿನಲ್ಲಿ ಕೂತೇ ನೋಡಬಹುದು. ಇದನ್ನು ತೋರಿಸಲು ಕನ್ಸಲ್ಟೆನ್ಸಿಗೆ ದುಡ್ಡು ಕೊಡಬೇಡಿ.

ಇನ್ನೊಂದು, ಎರಡು ವರ್ಷ ಅನ್ನೋದು ಹೆಸರಿಗೆ. ಆಗಸ್ಟ್‌ನಲ್ಲಿ ಹೋದರೆ ಮುಂದಿನ ವರ್ಷದ ಸೆಪ್ಟೆಂಬರ್‌ಗೇ ಟ್ಯಾಗ್ ಅರ್ಜಿ ಹಾಕಬೇಕು. ಟ್ಯಾಗ್ ಅಂದರೆ ಇಷ್ಟು ಗ್ರೇಡ್, ಇಷ್ಟು ಕೋರ್ಸ್ ಇದ್ದರೆ ಸೀಟು ಖಾತ್ರಿ ಅಂತ ಯುಸಿ ಕ್ಯಾಂಪಸ್ಸುಗಳು ಕೊಡುವ ಭರವಸೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರು ಕಡೆ ಇದೆ, ಒಬ್ಬರು ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೊದಲ್ಲಿ ಇಲ್ಲ. ಕಂಪ್ಯೂಟರ್ ಸೈನ್ಸ್ ಥರದ ಮೇಜರ್‌ಗಳನ್ನು ಎಷ್ಟೋ ಕ್ಯಾಂಪಸ್ ಹೊರಗಿಟ್ಟಿವೆ, ಮಗನಿಗೆ ಸಿಎಸ್ಸೇ ಬೇಕು ಅಂದರೆ ಇದನ್ನು ಎರಡು ಸಲ ಓದಿ. ಸೆಪ್ಟೆಂಬರ್‌ಗೇ ಅಂದರೆ ಅರ್ಜಿ ಹಾಕುವಾಗ ಕೈಯಲ್ಲಿರುವುದು ಒಂದು ವರ್ಷದ ಗ್ರೇಡ್ ಮಾತ್ರ. ಊರು, ಊಟ, ಇಂಗ್ಲಿಷ್‌ಗೆ ಒಗ್ಗಿಕೊಳ್ಳುವ ವರ್ಷವೂ ಅದೇ. ಇಂಗ್ಲಿಷ್ ಕಾಂಪೊಸಿಷನ್ ಎರಡು ಕೋರ್ಸ್ ಯುಸಿಗೆ ಕಡ್ಡಾಯ, ನಮ್ಮ ಕಡೆ ಹುಡುಗರು ಮ್ಯಾಥ್ಸ್‌ನಲ್ಲಿ ಗಟ್ಟಿ, ಬೀಳೋದು ಇಲ್ಲೇ.

12 ಯೂನಿಟ್ ವಿಷಯವನ್ನೂ ಮಗನಿಗೆ ಹೇಳಿ. ಎಫ್-1 (ವಿದ್ಯಾರ್ಥಿ) ವೀಸಾದವರು ಸೆಮಿಸ್ಟರ್‌ಗೆ 12ಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಅದರಲ್ಲೂ ಆನ್‌ಲೈನ್ ಕ್ಲಾಸ್ ಆದರೆ ಒಂದು ಮಾತ್ರ ಲೆಕ್ಕಕ್ಕೆ ಬರುತ್ತೆ. ನಾನು ಒಂದು ಶುಕ್ರವಾರ ರಾತ್ರಿ ಫಿಸಿಕ್ಸ್ ಕಷ್ಟ ಅಂತ ಡ್ರಾಪ್ ಬಟನ್ ಒತ್ತಿಬಿಟ್ಟೆ, ಲೋಕಲ್ ಗೆಳೆಯನೂ ಒತ್ತಿದ್ದ. ಅವನಿಗೆ ಏನೂ ಆಗಲಿಲ್ಲ. ನಾನು 13ರಿಂದ 9ಕ್ಕೆ ಬಂದಿದ್ದೆ, ಸೋಮವಾರ ಇಂಟರ್‌ನ್ಯಾಷನಲ್ ಆಫೀಸಿಂದ ಮೇಲ್ ಬಂತು. ಪುಣ್ಯಕ್ಕೆ ಸೆಮಿಸ್ಟರ್ ನಡುವೆ ಶುರುವಾಗುವ ಮೂರು ಯೂನಿಟ್ಟಿನ ಕ್ಲಾಸೊಂದರಲ್ಲಿ ಜಾಗ ಇತ್ತು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕಿತ್ತು.

ಮೈಸೂರಿನ ಅಮ್ಮ

ವೀಸಾ ಬಗ್ಗೆ ನಾನು ಹೇಳುತ್ತೇನೆ. ಕೊಡೋದೇ ಇಲ್ಲ ಅನ್ನೋದು ಸುಳ್ಳು, ಜಾಸ್ತಿ ಕೆದಕುತ್ತಾರೆ ಅನ್ನೋದು ನಿಜ. 2023ರಲ್ಲಿ ಮಗಳ ಮೊದಲ ಸಂದರ್ಶನ ಚೆನ್ನೈನಲ್ಲಿ. ಎರಡು ನಿಮಿಷವೂ ಆಗಿಲ್ಲ. "ಈ ಕಾಲೇಜು ಯಾಕೆ?" ಅಂದರು, ಇವಳು "ಫೀಸ್ ಕಡಿಮೆ" ಅಂದಳು, 214ಬಿ ಚೀಟಿ (ವೀಸಾ ನಿರಾಕರಣೆಯ ಕಾಗದ) ಕೈಗೆ ಬಂತು. ರಾತ್ರಿ ರೈಲಿನಲ್ಲಿ ಮೈಸೂರಿನ ತನಕ ಒಂದು ಮಾತಾಡಲಿಲ್ಲ ಮಗು.

ಎರಡನೇ ಸಲ ಹೈದರಾಬಾದ್. ಈ ಸಲ ಯಾವ ಯೂನಿವರ್ಸಿಟಿ, ಯಾವ ಮೇಜರ್, ಯಾವ ವರ್ಷ ಟ್ರಾನ್ಸ್‌ಫರ್ ಅಂತ ಅವಳ ಬಾಯಲ್ಲೇ ಇತ್ತು. ಐ-20ರಲ್ಲಿ (ವೀಸಾಕ್ಕೆಂದು ಕಾಲೇಜು ಕೊಡುವ ಪತ್ರ) ಒಂದು ವರ್ಷದ ಖರ್ಚು ಮಾತ್ರ ಇರುತ್ತದೆ, ನಾವು ನಾಲ್ಕು ವರ್ಷದ್ದೂ ಎಲ್ಲಿಂದ ಬರುತ್ತದೆ ಅಂತ ಕಾಗದದಲ್ಲಿ ಇಟ್ಟುಕೊಂಡಿದ್ದೆವು. ಸಿಕ್ಕಿತು. ಅದಕ್ಕೇ ಸಿಕ್ಕಿತು ಅಂತ ಎದೆ ತಟ್ಟಿ ಹೇಳಲಾರೆ, ಕಿಟಕಿಯಲ್ಲಿ ಯಾರು ಕೂತಿದ್ದಾರೆ ಅನ್ನೋದೂ ಇದೆ. ವೀಸಾ ಫೀಸ್ 185 ಡಾಲರ್ ಮತ್ತೆ ಕಟ್ಟಿದೆವು. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಫೀಸ್ 350 ಡಾಲರ್, ವರ್ಷದೊಳಗೆ ಮತ್ತೆ ಹೋಗಿದ್ದರಿಂದ ಉಳಿಯಿತು.

ಬ್ಯಾಂಕಿನಿಂದ ನಿವೃತ್ತ

ಸಾಲ ಬೇಕಾದರೆ ಈಗಲೇ ಬ್ಯಾಂಕಿಗೆ ಹೋಗಿ ಕೇಳಿ. ನಮ್ಮ ಶಾಖೆಯಲ್ಲಿ ಕಮ್ಯೂನಿಟಿ ಕಾಲೇಜ್ ಅಂದ ಕೂಡಲೇ ಫೈಲ್ ಕೆಳಗೆ ಹೋಗುತ್ತಿತ್ತು. ಸೈಟೋ ಮನೆಯೋ ಅಡ ಇಟ್ಟವರಿಗೆ ಆಗಿದೆ.

ಮಿಲ್ಪಿಟಾಸ್ ಗೌಡ

ಬೇಜಾರು ಮಾಡಿಕೊಳ್ಳಬೇಡಿ, ಸಿಇಟಿಯಲ್ಲಿ ಒಳ್ಳೆ ಸರ್ಕಾರಿ ಸೀಟು ಬಂದರೆ ಬಿಇ ಅಲ್ಲೇ ಮುಗಿಸಲಿ, ಎಂಎಸ್‌ಗೆ ಬರಲಿ. ನಾನು ಹಾಗೇ ಬಂದೆ. 18 ವರ್ಷದ ಹುಡುಗ ಬಾಡಿಗೆ ರೂಮು, ಅಡುಗೆ, ಬಟ್ಟೆ, ಓದು ಎಲ್ಲ ಒಬ್ಬನೇ ನೋಡಿಕೊಳ್ಳಬೇಕು, ಈ ಕಾಲೇಜುಗಳಲ್ಲಿ ಬಹಳಷ್ಟಕ್ಕೆ ಹಾಸ್ಟೆಲ್ಲೇ ಇಲ್ಲ. ಇಲ್ಲಿ ಅಮೆರಿಕದ ಹೋಟೆಲಲ್ಲಿ "ಕ್ಯಾಶ್ ಕೊಡ್ತೀವಿ ಬಾ" ಅಂತ ಕರೆಯುವವರೂ ಇದ್ದಾರೆ. ಹೋಗಲೇಬಾರದು. ಕ್ಲಾಸ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ, ಅಷ್ಟೇ ಕಾನೂನು.

ತುಮಕೂರಿನ ಅಪ್ಪ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಒಂದು ಕೇಳ್ತೀನಿ, ಎರಡು ಡಿಗ್ರಿಗೆ ಎರಡು ಸಲ ಓಪಿಟಿ (ಓದಿದ ವಿಷಯದಲ್ಲಿ ಅಲ್ಲೇ ಕೆಲಸ ಮಾಡುವ ಅನುಮತಿ) ಸಿಗುತ್ತೆ ಅಂತಾನೆ ಭಾವಮೈದ, ಹೌದಾ?

ಹಾಸನದ ಹುಡುಗ, ಈಗ ಸ್ಯಾಕ್ರಮೆಂಟೊ

ಹೌದು ಸಾರ್. ಅಸೋಸಿಯೇಟ್ ಡಿಗ್ರಿ (ಕಮ್ಯೂನಿಟಿ ಕಾಲೇಜಿನ ಎರಡು ವರ್ಷದ್ದು) ಮೇಲೆ 12 ತಿಂಗಳು, ಬ್ಯಾಚುಲರ್ ಮೇಲೆ ಮತ್ತೆ 12. ಆದರೆ ಸ್ಟೆಮ್‌ನವರಿಗೆ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ) ಸಿಗುವ ಹೆಚ್ಚುವರಿ 24 ತಿಂಗಳು ಬ್ಯಾಚುಲರ್ ಅಥವಾ ಅದರ ಮೇಲಿನ ಡಿಗ್ರಿಗೆ ಮಾತ್ರ. ನಾನು ಮೊದಲಿನದನ್ನು ಬಳಸಲೇ ಇಲ್ಲ, ನೇರ ಡೇವಿಸ್‌ಗೆ ಹೋದೆ.

ಗೌಡ್ರು ಹೇಳಿದ್ದನ್ನೂ ತಳ್ಳಿಹಾಕಬೇಡಿ. ಒಂದು ವಾರ ಮಗನ ಕೈಗೇ ಅಸಿಸ್ಟ್ ಸೈಟ್ ಕೊಟ್ಟು, ಎರಡು ವರ್ಷದ ಕೋರ್ಸ್ ಪಟ್ಟಿ ಅವನೇ ಬರೆಯಲಿ, ನೀವು ಸುಮ್ನೆ ನೋಡ್ತಿರಿ. ಮೂರನೇ ದಿನಕ್ಕೆ ಬಿಟ್ಟರೆ ನಿಮಗೇ ಗೊತ್ತಾಗುತ್ತೆ. ಭಾವಮೈದನ ಮನೆಯಲ್ಲೇ ಇರಿಸೋದಾದರೆ ಅಲ್ಲಿಂದ ಕಾಲೇಜಿಗೆ ಬಸ್ಸಲ್ಲಿ ಎಷ್ಟು ಹೊತ್ತು ಅಂತ ಕೇಳಿ, ಕಾರಲ್ಲಿ ಅಲ್ಲ. ಅವರು 15 ನಿಮಿಷ ಅಂತಾರೆ, ನನಗೆ ಎರಡು ಬಸ್ ಬದಲಿಸಿ ಒಂದು ಗಂಟೆ ಹತ್ತು ನಿಮಿಷ ಆಗುತ್ತಿತ್ತು.