ಹೈಸ್ಕೂಲ್ ಮಕ್ಕಳಿಗೆ ವ್ಯಾಪಾರದ ಪಾಠ ಎಲ್ಲಿಂದ ಶುರು ಮಾಡಲಿ?

ಗಣಿತದ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ಸಲ ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳಿಗೆ ವ್ಯಾಪಾರದ ಬಗ್ಗೆ ಹತ್ತು ಕ್ಲಾಸ್ ತಗೊಳ್ಳಿ ಅಂತ ನನಗೇ ವಹಿಸಿದ್ದಾರೆ. ಒಂದೊಂದು ಕ್ಲಾಸು 40 ನಿಮಿಷ.

ಮೊದಲ ದಿನ ಸುಮ್ನೆ ಕೇಳಿದೆ, ವ್ಯಾಪಾರ ಅಂದ್ರೆ ಏನು ಅಂತ. ಮುಕ್ಕಾಲು ಪಾಲು ಮಕ್ಕಳದ್ದು ಒಂದೇ ಉತ್ತರ: ಒಳ್ಳೆ ಐಡಿಯಾ ಬೇಕು, ಆಪ್ ಮಾಡಬೇಕು, ಆಮೇಲೆ ಯಾರಾದರೂ ದುಡ್ಡು ಹಾಕುತ್ತಾರೆ. ಕೊನೇ ಬೆಂಚಿನ ಒಬ್ಬ ಹುಡುಗಿ ಮಾತ್ರ "ಮಿಸ್, ನಮಗೆ ಉಳಿದದ್ದು ಎಷ್ಟು ಅಂತ ಗೊತ್ತಾಗೋದು ಹೇಗೆ?" ಅಂದಳು. "ಮಾರಿದ್ದರಲ್ಲಿ ಖರ್ಚು ಕಳೆದರೆ ಆಯ್ತು" ಅಂದುಬಿಟ್ಟೆ. ಮನೆಗೆ ಬಂದಮೇಲೆ ಯೋಚಿಸಿದರೆ ಅದು ಅರ್ಧ ಉತ್ತರ ಅನ್ನಿಸಿತು. ಯಾವ ಖರ್ಚು? ಯಾವಾಗಿನ ಖರ್ಚು?

ನಮಗೆ ಕೊಟ್ಟಿರುವ ಪಾಠದಲ್ಲಿ ಬರೀ ವ್ಯಾಖ್ಯೆಗಳಿವೆ. ಬಂಡವಾಳ ಎಂದರೇನು, ಉದ್ಯಮಿ ಎಂದರೆ ಯಾರು, ಹೀಗೆ. ಅದನ್ನು ಬಾಯಿಪಾಠ ಮಾಡಿಸಲು ನನಗೆ ಇಷ್ಟವಿಲ್ಲ. ಈ ಮಕ್ಕಳಲ್ಲಿ ಕೆಲವರು ಓದು ಮುಗಿದ ಮೇಲೆ ನಿಜವಾಗಲೂ ಸ್ವಂತ ಕೆಲಸ ಶುರು ಮಾಡುತ್ತಾರೆ, ಅವರಿಗೆ ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಸಿಗಬೇಕು. ವ್ಯಾಪಾರ ಮಾಡಿದವರು, ಲೆಕ್ಕ ಬರೆಯುವವರು, ಇಂಥ ಕ್ಲಾಸ್ ತಗೊಂಡವರು ದಯವಿಟ್ಟು ಹೇಳಿ.

ಜಮಾಖರ್ಚು

ಮೇಡಂ, ಆ ಹುಡುಗಿಯ ಪ್ರಶ್ನೆಯಿಂದಲೇ ಶುರು ಮಾಡಿ. ಐಡಿಯಾ, ಆಪ್ ಎಲ್ಲ ಆಮೇಲೆ. ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕ ಬರೆಯುತ್ತಿದ್ದೇನೆ. ದೊಡ್ಡವರೂ ಎಡವುವುದು ಇಲ್ಲೇ: ಲಾಭ ಬೇರೆ, ಕೈಯಲ್ಲಿರುವ ದುಡ್ಡು ಬೇರೆ.

ಬೋರ್ಡ್ ಮೇಲೆ ಹೀಗೆ ಹಾಕಿ. ಮಕ್ಕಳು ಸೇರಿ ಕೈಯಲ್ಲೇ ಹೊಲಿದು 50 ನೋಟ್‌ಬುಕ್ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಕಾಗದ, ದಾರ, ರಟ್ಟು ಸೇರಿ ಒಂದಕ್ಕೆ 6 ಬೀಳುತ್ತದೆ. ರಟ್ಟು ಕತ್ತರಿಸುವ ಕಟರ್‌ಗೆ 120. ಅಂದರೆ ಮೊದಲೇ 420 ಕೈ ಬಿಟ್ಟಿತು. ಒಂದನ್ನು 10ಕ್ಕೆ ಮಾರುತ್ತಾರೆ. 40 ಹೋದವು, 10 ಉಳಿದವು. ಹೋದ 40ರಲ್ಲಿ 15 ಉದ್ರಿ, "ಮುಂದಿನ ವಾರ ಕೊಡ್ತೀನಿ" ಅಂದವರದ್ದು.

ಈಗ ಕೇಳಿ, ಲಾಭವೋ ನಷ್ಟವೋ? ಕ್ಲಾಸು ಎರಡು ಪಾಲಾಗುತ್ತದೆ. ಕೈಗೆ ಬಂದದ್ದು 250 ತಾನೇ, ಹೋದದ್ದು 420, ಹಾಗಾಗಿ 170 ನಷ್ಟ ಅಂತ ಒಂದು ಗುಂಪು. ಆದರೆ ಲೆಕ್ಕ ಹಾಗಲ್ಲ. ಮಾರಿದ್ದು 400. ಮಾರಿದ 40ಕ್ಕೆ ಬಿದ್ದ ಖರ್ಚು 240. ಕಟರ್ 120. ಉಳಿದದ್ದು 40, ಅದು ಲಾಭ! ಹಾಗಾದರೆ ಆ 40 ಎಲ್ಲಿದೆ? ಪೆಟ್ಟಿಗೆಯಲ್ಲಿಲ್ಲ. ಬರಬೇಕಾದ ಬಾಕಿ 150, ಉಳಿದ 10 ಪುಸ್ತಕದಲ್ಲಿ ಕೂತಿರುವುದು 60. ಎರಡೂ ಸೇರಿ 210. ಅದರಲ್ಲಿ ಕೈಯಿಂದ ಹೋಗಿರುವ 170 ಕಳೆಯಿರಿ, ಸರಿಯಾಗಿ 40. ಎರಡು ದಾರಿಯಲ್ಲಿ ಹೋಗಿ ಒಂದೇ ಸಂಖ್ಯೆಗೆ ಬಂದು ನಿಂತಾಗ ಮಕ್ಕಳ ಮುಖ ನೋಡಬೇಕು ನೀವು.

ಆಮೇಲೆ ಕೊಕ್ಕೆ ಹಾಕಿ: ಕಟರ್ ಒಂದೇ ಸಲಕ್ಕೆ ಮುಗಿದುಹೋಗುತ್ತದಾ? ಮೂರು ಸಲ ಬಾಳಿಕೆ ಬಂದರೆ ಈ ಸಲದ ಪಾಲಿಗೆ 40 ಮಾತ್ರ, ಲಾಭ 120 ಆಗುತ್ತದೆ. ಸವಕಳಿ ಅಂದರೆ ಇಷ್ಟೇ. ವ್ಯಾಖ್ಯೆ ಆಮೇಲೆ ಬರೆಸಿ.

ಒಂದೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿ ವೆನಿಸ್‌ನ ವರ್ತಕರು ಬಳಸುತ್ತಿದ್ದದ್ದು. ಅದನ್ನು 1494ರಲ್ಲಿ ಅಚ್ಚಾದ ಪುಸ್ತಕದಲ್ಲಿ ವಿವರಿಸಿದವರು ಲೂಕಾ ಪಚೋಲಿ. ಅವರು ಗಣಿತದ ಮೇಷ್ಟ್ರು. ನಿಮ್ಮ ವಿಷಯದವರೇ ಮೇಡಂ, ಹಾಗಾಗಿ ಧೈರ್ಯವಾಗಿ ಹೇಳಿಕೊಡಿ.

ರಟ್ಟು ದಾರ

ಮೇಲಿನವರ ಲೆಕ್ಕ ಸರಿ. ಆದರೆ ಅದರಲ್ಲಿ ಒಂದು ಬಿಟ್ಟುಹೋಗಿದೆ, ನಾನು ನಿಜವಾಗಲೂ ಬೈಂಡಿಂಗ್ ಕೆಲಸದವನು, ಅದಕ್ಕೇ ಕಣ್ಣಿಗೆ ಬಿತ್ತು. ಆ 50 ಪುಸ್ತಕ ಹೊಲಿದವರ ಕೂಲಿ ಎಲ್ಲಿ?

ಸ್ವಂತ ಕೆಲಸ ಶುರು ಮಾಡಿದ ಮೊದಲ ವರ್ಷ ನಾನೂ ಹೀಗೇ ಲೆಕ್ಕ ಹಾಕುತ್ತಿದ್ದೆ. ಸಾಮಾನಿನ ಖರ್ಚು ಕಳೆದು ಉಳಿದದ್ದೆಲ್ಲ ಲಾಭ ಅಂದುಕೊಂಡಿದ್ದೆ. ರಾತ್ರಿ ಹನ್ನೊಂದರವರೆಗೂ ಕೂತು ಹೊಲಿಯುತ್ತಿದ್ದ ನನ್ನ ಹೊತ್ತಿಗೆ ಬೆಲೆಯೇ ಇಟ್ಟಿರಲಿಲ್ಲ. ಕೆಲಸ ಜಾಸ್ತಿ ಆಗಿ ಒಬ್ಬ ಹುಡುಗನನ್ನು ಸೇರಿಸಿಕೊಂಡು ಸಂಬಳ ಕೊಡಬೇಕಾಗಿ ಬಂದಾಗ ಗೊತ್ತಾಯಿತು, ನಾನು ಹೇಳುತ್ತಿದ್ದ ದರಕ್ಕೆ ಕೂಲಿಯೇ ಹುಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಗಿರಾಕಿಗಳಿಗೆ ಆ ದರ ಅಭ್ಯಾಸವಾಗಿತ್ತು. ಏರಿಸೋಕೆ ಹೋದರೆ ಅರ್ಧ ಜನ ಬಿಟ್ಟುಹೋದರು.

ಅದಕ್ಕೇ ಮಕ್ಕಳ ಕೈಗೆ ಒಂದು ಗಡಿಯಾರ ಕೊಡಿ. ಒಂದು ಪುಸ್ತಕ ಹೊಲಿಯಲು ಎಷ್ಟು ನಿಮಿಷ ಅಂತ ಬರೆದಿಡಲಿ. ಹಾಳಾದ ಕಾಗದವನ್ನೂ ಎಣಿಸಲಿ, ಸೂಜಿ ಜಾರಿ ಮಡಿಕೆ ಹರಿದರೆ ಆ ಹಾಳೆ ಕಟ್ಟು ಹೋಯಿತು ಅಂತಲೇ ಲೆಕ್ಕ.

ಉದ್ರಿ ವಿಷಯ ಇನ್ನೊಂದು. ಒಮ್ಮೆ ನನಗೆ ಒಂದು ದೊಡ್ಡ ಆರ್ಡರ್ ಬಂತು, ಖುಷಿಯಿಂದ ಕಾಗದವನ್ನೆಲ್ಲ ನಗದು ಕೊಟ್ಟು ತಂದೆ. ಮಾಲು ಕೊಟ್ಟು ನಾಲ್ಕು ತಿಂಗಳಾದ ಮೇಲೆ ದುಡ್ಡು ಬಂತು. ಲೆಕ್ಕದ ಪುಸ್ತಕದ ಪ್ರಕಾರ ಅದು ನನ್ನ ಅತಿ ಒಳ್ಳೆಯ ವರ್ಷ. ಆದರೆ ಆ ನಾಲ್ಕು ತಿಂಗಳು ಬೇರೆ ಸಣ್ಣ ಕೆಲಸ ಹಿಡಿಯಲು ಕಾಗದಕ್ಕೂ ದುಡ್ಡಿರಲಿಲ್ಲ, ಸಾಲ ಮಾಡಿದೆ. ದುಡ್ಡು ಯಾವಾಗ ಕೊಡ್ತೀರಿ ಅಂತ ಮಾಲು ಕೊಡುವ ಮೊದಲೇ ಕೇಳುವುದು, ಅದನ್ನು ಬರೆಸಿಕೊಳ್ಳುವುದು ಮಕ್ಕಳಿಗೆ ಈಗಲೇ ರೂಢಿಯಾಗಲಿ. ದೊಡ್ಡವರಾದ ಮೇಲೆ ಕೇಳೋಕೆ ನಾಚಿಕೆಯಾಗುತ್ತೆ, ನನಗೂ ಆಗಿತ್ತು.

ಸಮಾಜದ ಮೇಷ್ಟ್ರು

ನಾನು ಮೂರು ವರ್ಷ ಇಂಥ ಕ್ಲಾಸ್ ತಗೊಂಡಿದ್ದೇನೆ. ಎರಡು ಆಟ ಹೇಳುತ್ತೇನೆ, ಎರಡೂ 40 ನಿಮಿಷದಲ್ಲಿ ಮುಗಿಯುತ್ತವೆ.

ಒಂದು, ಲಕೋಟೆ ಮಾಡುವುದು. ಒಂದು ಗುಂಪಿನಲ್ಲಿ ಪ್ರತಿಯೊಬ್ಬರೂ ಪೂರ್ತಿ ಲಕೋಟೆ ತಾವೇ ಮಾಡಬೇಕು. ಇನ್ನೊಂದು ಗುಂಪಿನಲ್ಲಿ ಒಬ್ಬ ಗೆರೆ ಹಾಕುತ್ತಾನೆ, ಒಬ್ಬಳು ಕತ್ತರಿಸುತ್ತಾಳೆ, ಒಬ್ಬ ಮಡಿಸುತ್ತಾನೆ, ಒಬ್ಬಳು ಅಂಟು ಹಚ್ಚುತ್ತಾಳೆ. ಹತ್ತು ನಿಮಿಷ ಕೊಡಿ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಗುಂಡುಸೂಜಿಯ ಉದಾಹರಣೆ ಕೊಟ್ಟು ಹೇಳಿದ್ದು ಇದೇ: ಸುಮಾರು 18 ಹಂತದ ಕೆಲಸವನ್ನು ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಿದ್ದರು, ಒಬ್ಬೊಬ್ಬರೇ ಕೂತಿದ್ದರೆ ಇಪ್ಪತ್ತೂ ಆಗುತ್ತಿರಲಿಲ್ಲ.

ಆದರೆ ನನ್ನ ಕ್ಲಾಸಿನಲ್ಲಿ ಮೊದಲ ಸಲ ಹಂಚಿಕೊಂಡ ಗುಂಪೇ ಸೋತಿತು! ನಾನೂ ಗಾಬರಿಯಾದೆ. ಹತ್ತಿರ ಹೋಗಿ ನೋಡಿದರೆ ಅಂಟು ಹಚ್ಚುವ ಹುಡುಗಿಯ ಮುಂದೆ ಮಡಿಸಿದ ಕಾಗದದ ರಾಶಿ, ಅವಳ ಬೆರಳೆಲ್ಲ ಅಂಟು, ಉಳಿದವರು ಕೈಕಟ್ಟಿ ಕೂತಿದ್ದರು. "ಸರ್, ಗೆರೆ ಹಾಕೋನು ಇಲ್ಲಿಗೆ ಬರಲಿ" ಅಂತ ಅವಳೇ ಅಂದಳು. ಅವನು ಬಂದು ಕೂತ, ಎರಡನೇ ಸುತ್ತಿನಲ್ಲಿ ಅವರೇ ಮುಂದೆ. ಇಡೀ ಸಾಲು ಓಡುವುದು ನಿಧಾನವಾದ ಕೈಯ ವೇಗದಲ್ಲೇ ಅಂತ ನಾನು ಹೇಳಬೇಕಾಗಲೇ ಇಲ್ಲ.

ಎರಡು, ಬೆಲೆ ಕಟ್ಟುವುದು. "ಇದನ್ನು ಕೊಳ್ತೀರಾ?" ಅಂತ ಕೇಳಬೇಡಿ, ಸ್ನೇಹಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ವಸ್ತು ತೋರಿಸಿ, ಇದಕ್ಕೆ ಹೆಚ್ಚೆಂದರೆ ಎಷ್ಟು ಕೊಡ್ತೀರಿ ಅಂತ ಹೆಸರಿಲ್ಲದ ಚೀಟಿಯಲ್ಲಿ ಬರೆಸಿ. 20 ಚೀಟಿ ಬಂತು ಅನ್ನಿ. 5 ಅಂತ ಬೆಲೆ ಇಟ್ಟರೆ 18 ಜನ ಕೊಳ್ಳುತ್ತಾರೆ, 10ಕ್ಕೆ 12 ಜನ, 15ಕ್ಕೆ 9 ಜನ, 20ಕ್ಕೆ 4 ಜನ. ಒಂದಕ್ಕೆ ಖರ್ಚು 6 ಬಿದ್ದಿದ್ದರೆ ಉಳಿಯುವುದೆಷ್ಟು? 10ರಲ್ಲಿ 48, 15ರಲ್ಲಿ 81, 20ರಲ್ಲಿ 56. 5ಕ್ಕೆ ಮಾರಿದರೆ ಎಲ್ಲಕ್ಕಿಂತ ಜಾಸ್ತಿ ಜನ ಬಂದರೂ ಕೈಯಿಂದ 18 ಹೋಗುತ್ತದೆ. ಅಂಗಡಿ ತುಂಬ ಜನ ಇದ್ದರೆ ವ್ಯಾಪಾರ ಚೆನ್ನಾಗಿದೆ ಅಂದುಕೊಂಡಿದ್ದ ಮಕ್ಕಳು ಇದನ್ನು ಮರೆಯಲ್ಲ.

ಷೇರು, ಕಂಪನಿ ಎಲ್ಲ ಕೊನೆಯ ಎರಡು ಕ್ಲಾಸಿಗೆ ಸಾಕು. 1602ರ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕತೆ ಹೇಳಿ, ದೂರದ ಹಡಗು ಪ್ರಯಾಣದ ಅಪಾಯವನ್ನು ತುಂಬ ಜನ ಹಂಚಿಕೊಂಡರೆ ಒಬ್ಬನ ತಲೆ ಮೇಲೆ ಬೀಳುವುದಿಲ್ಲ ಅನ್ನುವುದು ಅರ್ಥವಾದರೆ ಷೇರು ಅರ್ಥವಾದ ಹಾಗೆ.

ಗಣಿತದ ಮೇಡಂ

ಇಷ್ಟೊಂದು ಬಿಡಿಸಿ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ನೋಟ್‌ಬುಕ್ ಲೆಕ್ಕವನ್ನು ಇವತ್ತೇ ಮಾಡಿಸಿದೆ. "ಲಾಭ ಇದೆ, ದುಡ್ಡಿಲ್ಲ" ಅಂದಾಗ ಒಬ್ಬ ಹುಡುಗ ಜಗಳಕ್ಕೇ ನಿಂತ, ಬೋರ್ಡ್ ಹತ್ತಿರ ಬಂದು ತಾನೇ ಕೂಡಿ ಕಳೆದು ನೋಡಿ ವಾಪಸ್ ಹೋಗಿ ಕೂತ.

ಈಗ ಮಕ್ಕಳು ನಿಜವಾಗಲೂ ಮಾಡಿ ಮಾರೋಣ ಅಂತಿದ್ದಾರೆ. ನನಗೆ ಎರಡು ಚಿಂತೆ. ಕೆಲವರು ಮನೆಯಿಂದ ಎಷ್ಟು ಬೇಕಾದರೂ ದುಡ್ಡು ತರಬಲ್ಲರು, ಕೆಲವರು ಒಂದು ರಟ್ಟಿಗೂ ತರಲಾರರು. ಇನ್ನೊಂದು, ನಷ್ಟವಾದ ಗುಂಪಿಗೆ ಅಂಕ ಹೇಗೆ ಕೊಡಲಿ?

ಜಮಾಖರ್ಚು

ಮನೆ ದುಡ್ಡು ಬೇಡವೇ ಬೇಡ ಮೇಡಂ, ಅದನ್ನು ಮೊದಲ ದಿನವೇ ಹೇಳಿಬಿಡಿ. ಶಾಲೆಯಿಂದ ಎಲ್ಲ ಗುಂಪಿಗೂ ಒಂದೇ ಮೊತ್ತ, ಸಾಲ ಅಂತಲೇ ಬರೆಸಿ ಕೊಡಿ, ಕೊನೆಗೆ ಅಸಲು ವಾಪಸ್ ಬರಬೇಕು. ಎಲ್ಲರ ಮೊತ್ತ ಒಂದೇ ಆದಾಗ ಯಾರು ಎಷ್ಟು ತಂದರು ಅನ್ನುವ ಮಾತೇ ಏಳುವುದಿಲ್ಲ. ಅಸಲು ಪೂರ್ತಿ ಬರದಿದ್ದರೆ ಮಕ್ಕಳ ಮನೆಯವರಿಂದ ಕೇಳಬೇಡಿ, ಆ ನಷ್ಟ ಶಾಲೆಯದ್ದು ಅಂತ ಮುಖ್ಯೋಪಾಧ್ಯಾಯರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಅದಕ್ಕೇ ಮೊತ್ತ ಸಣ್ಣದಿರಲಿ.

ಅಂಕವನ್ನು ಲಾಭಕ್ಕೆ ಕೊಡಬೇಡಿ. ಪುಸ್ತಕದ ಲೆಕ್ಕವೂ ಪೆಟ್ಟಿಗೆಯಲ್ಲಿರುವುದೂ ತಾಳೆ ಆಗುತ್ತದಾ ಅಂತ ನೋಡಿ, ಅದಕ್ಕೆ ಅರ್ಧ ಅಂಕ. ಇನ್ನರ್ಧ, ದುಡ್ಡು ಎಲ್ಲಿ ಹೋಯಿತು ಅಂತ ಅವರೇ ನಿಂತು ಹೇಳುವುದಕ್ಕೆ. ಲಾಭ ಬಂದರೂ ಯಾಕೆ ಬಂತು ಅಂತ ಹೇಳಲಾಗದ ಗುಂಪಿಗಿಂತ, ನಷ್ಟವಾದರೂ ಕಾರಣವನ್ನು ಕಾಗದದಲ್ಲಿ ತೋರಿಸುವ ಗುಂಪಿಗೆ ನಾನಾದರೆ ಜಾಸ್ತಿ ಕೊಡುತ್ತೇನೆ.

ರಟ್ಟು ದಾರ

ನೋಟ್‌ಬುಕ್ಕೇ ಮಾಡಿಸುವುದಾದರೆ ಒಂದು ಮಾತು ಮೇಡಂ. 50 ಒಟ್ಟಿಗೆ ಬೇಡ. ಮೊದಲು ಐದು ಮಾಡಿ ಮಾರಲಿ, ಕೊಂಡವರು ಏನಂದರು ಅಂತ ಬರೆದುಕೊಳ್ಳಲಿ, ಆಮೇಲೆ ಉಳಿದ ಕಾಗದ ಕತ್ತರಿಸಲಿ. ಕತ್ತರಿಸಿದ ಕಾಗದವನ್ನು ಯಾರೂ ವಾಪಸ್ ತಗೊಳ್ಳಲ್ಲ. ದಾರಕ್ಕೆ ಮೇಣ ಸವರಿಕೊಂಡು ಹೊಲಿಯೋಕೆ ಹೇಳಿ, ಗಂಟು ಜಾರಲ್ಲ, ಕಾಗದವೂ ಅಷ್ಟು ಹರಿಯಲ್ಲ.