ಪುಟ್ಟಿ, ಆ 85,000 ಕಟ್ಟಬೇಡ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆ ಕಾಫಿ ಕುಡಿಯುವಾಗ ನೋಡಿದೆ. ನಿನ್ನ ಮಗ ಚಿನ್ನು ಬಿಕಾಂ ಮುಗಿಸಿ ಎಂಟು ತಿಂಗಳಾಯಿತು, ಕೆಲಸ ಇಲ್ಲ, ಯಾವುದೋ ಟ್ರೈನಿಂಗ್ ಸೆಂಟರ್‌ನವರು ಆರು ತಿಂಗಳ ಕೋರ್ಸ್‌ಗೆ 85,000 ಕೇಳುತ್ತಿದ್ದಾರೆ, ಕೆಲಸ ಗ್ಯಾರಂಟಿ ಅಂತಾರೆ, ಬಳೆ ಅಡ ಇಟ್ಟು ಕಟ್ಟಲಾ ಚಿಕ್ಕಪ್ಪ ಅಂತ ಕೇಳಿದ್ದೀಯ. ಬಳೆ ತೆಗೆಯಬೇಡ ಮಗಳೇ. ಇಷ್ಟೆಲ್ಲ ಟೈಪ್ ಮಾಡಲು ನನ್ನಿಂದ ಆಗಲ್ಲ, ಮಾತಾಡಿಬಿಡುತ್ತೇನೆ. ಗ್ರೂಪಿನಲ್ಲಿರುವವರು ಎಲ್ಲರೂ ಕೇಳಿಸಿಕೊಳ್ಳಿ.

ಇದೇ ಕೆಲಸವನ್ನು ನಮ್ಮಪ್ಪ 1985ರಲ್ಲಿ ನನಗೋಸ್ಕರ ಮಾಡಿದರು. ಬಿಎಸ್ಸಿ ಫಸ್ಟ್ ಕ್ಲಾಸ್ ಬಂದಿತ್ತು, ಕೆಲಸ ಸಿಕ್ಕಿರಲಿಲ್ಲ. ಬೆಂಗಳೂರಿನ ಒಂದು ಸಂಸ್ಥೆ, ಹೆಸರು ಬೇಡ ಬಿಡಿ, ಕ್ವಾಲಿಟಿ ಕಂಟ್ರೋಲ್ ಕೋರ್ಸ್ ಮಾಡಿದರೆ ಕಾರ್ಖಾನೆಯವರೇ ಕರೆದು ಕೆಲಸ ಕೊಡುತ್ತಾರೆ ಅಂದಿತು. ಫೀಸು 2,800. ನಮ್ಮ ಮನೆ ಅಟ್ಟ ನಿಮಗೆಲ್ಲ ಗೊತ್ತಲ್ಲ. ಅಲ್ಲಿಟ್ಟ ಕಾಯಿ ಕೊಬ್ಬರಿ ಆಗಬೇಕಾದರೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟುಕು ಗಡಗಡ ಅನ್ನಬೇಕು. ಫೀಸು ಕಟ್ಟಲು ಅಪ್ಪ ಅದನ್ನು ಐದೇ ತಿಂಗಳಿಗೆ ಇಳಿಸಿ ಮಾರಿಬಿಟ್ಟರು. ಒಳಗೆ ನೀರು ಇನ್ನೂ ಕುಲುಕುತ್ತಿತ್ತು. ಕೊಬ್ಬರಿ ರೇಟಿಗೆ ಹೋಗಬೇಕಾದ್ದು ಬರೀ ಕಾಯಿ ರೇಟಿಗೆ ಹೋಯಿತು.

ಆರು ತಿಂಗಳು ಮಹಡಿ ಮೇಲಿನ ಒಂದು ರೂಮಿನಲ್ಲಿ ಬೋರ್ಡ್ ನೋಡಿ ಬರೆದುಕೊಂಡದ್ದೇ ಬಂತು. ಒಂದೂ ಮೆಷಿನ್ ಇರಲಿಲ್ಲ. ಕೊನೆಗೆ ಸರ್ಟಿಫಿಕೇಟ್ ಕೊಟ್ಟರು, ಅದನ್ನು ಹಿಡಿದುಕೊಂಡು ಬೆಂಗಳೂರಿನ ಕಾರ್ಖಾನೆಗಳಿರುವ ಪೀಣ್ಯಕ್ಕೆ ಹೋದೆ. ಅಲ್ಲೊಂದು ವರ್ಕ್‌ಶಾಪಿನ ಯಜಮಾನರು ಅದನ್ನು ಬಿಡಿಸಿಯೂ ನೋಡಲಿಲ್ಲ. ಮೇಜಿನ ಮೇಲಿದ್ದ ಒಂದು ಬುಷ್, ಅಂದರೆ ಬಳೆಯಂಥ ಟೊಳ್ಳು ಲೋಹದ ತುಂಡು, ಅಳತೆ ತೆಗೆಯುವ ಒಂದು ವರ್ನಿಯರ್ ನನ್ನ ಕೈಗಿಟ್ಟು, "ಒಳಗಿನ ಅಳತೆ ಹೇಳಪ್ಪ" ಅಂದರು. ವರ್ನಿಯರ್ ಎಷ್ಟು ಸಣ್ಣ ಅಳತೆ ತೋರಿಸುತ್ತದೆ ಅನ್ನುವ ಲೀಸ್ಟ್ ಕೌಂಟ್ ಸೂತ್ರ ನನಗೆ ಬಾಯಿಪಾಠ. ಆದರೆ ಕಾಲೇಜಿನಲ್ಲಿ ಆರು ಜನಕ್ಕೆ ಒಂದು ವರ್ನಿಯರ್. ಒಬ್ಬ ಹಿಡಿಯುತ್ತಿದ್ದ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಿದ್ದೆವು. ಕಾಲೇಜಿನದು 0.1 ಮಿಲಿಮೀಟರ್ ತೋರಿಸುತ್ತಿತ್ತು, ಪೀಣ್ಯದ್ದು 0.02. ಒಳ ಅಳತೆಗೆ ಮೇಲಿನ ಚಿಕ್ಕ ತುದಿಗಳನ್ನು ಬಳಸಬೇಕು ಅನ್ನುವುದೂ ಹೊಳೆಯಲಿಲ್ಲ. ಕೈ ಬೆವೆತು ಬುಷ್ ಜಾರಿ ಬಿತ್ತು. ಹೇಳಿದ ಅಳತೆಯೂ ತಪ್ಪು. ಅಪ್ಪ ಐದೇ ತಿಂಗಳಿಗೆ ಇಳಿಸಿದ ಕಾಯಿ ನನ್ನ ಕಣ್ಣ ಮುಂದೆ ಬಂತು.

ಅದಕ್ಕೇ ಹೇಳುತ್ತಿರುವುದು. ಕೈಗೆ ಕೆಲಸ ಕೊಡದೆ ಬರೀ ಸರ್ಟಿಫಿಕೇಟ್ ಕೊಡುವವರಿಗೆ ದುಡ್ಡು ಕಟ್ಟಬೇಡ.

ಆ ಯಜಮಾನರು ದೊಡ್ಡ ಮನಸ್ಸಿನವರು, ಬೈಯಲಿಲ್ಲ. ಹೆಲ್ಪರ್ ಆಗಿ ಬಾ ಅಂದರು. ಮೊದಲ ತಿಂಗಳು ಅರ ಹಿಡಿದು ಅಂಚು ಉಜ್ಜಿದ್ದಷ್ಟೇ. ದಿನಾ ಊಟ ಆದ ಮೇಲೆ ಫೋರ್‌ಮನ್ ಹತ್ತು ಪೀಸ್ ಕೊಡುತ್ತಿದ್ದರು. ನಾನು ಅಳೆದು ಸೀಮೆಸುಣ್ಣದಲ್ಲಿ ಬರೆಯಬೇಕು, ಅವರು ಮತ್ತೆ ಅಳೆದು ತಪ್ಪಿದ್ದನ್ನು ಅಳಿಸಬೇಕು. ಹಾಗೆ ಕಲಿತದ್ದು 31 ವರ್ಷ ಅನ್ನ ಹಾಕಿತು.

ಚಿನ್ನುವಿನದೂ ಇದೇ ಕಥೆ. ಯುಗಾದಿಗೆ ಬಂದಾಗ ಹೊಸೂರಿನಿಂದ ತರಿಸಿದ ಪಂಪಿನ ಬಿಲ್ ತೋರಿಸಿದೆ. ಇದರಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಅಂದರೆ ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ, ಯಾಕಿಲ್ಲ ಮಗಾ ಅಂತ ಕೇಳಿದೆ. ಮಗು ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿತು. ಅವರ ಜಿಎಸ್‌ಟಿ ನಂಬರ್ 33ರಿಂದ ಶುರು, ಅಂದರೆ ತಮಿಳುನಾಡು. ನಮ್ಮ ಕರ್ನಾಟಕದ್ದು 29. ರಾಜ್ಯ ದಾಟಿದರೆ ಆ ಎರಡರ ಬದಲು ಐಜಿಎಸ್‌ಟಿ ಒಂದೇ. ಜಿಎಸ್‌ಟಿ ಪೇಪರಿನಲ್ಲಿ ಅವನಿಗೆ 82 ಬಂದಿದೆ! ಅವನ ತಪ್ಪಲ್ಲ ಪುಟ್ಟಿ. ಮೂರು ವರ್ಷದಲ್ಲಿ ಅವನ ಕೈಗೆ ಯಾರೂ ಒಂದು ನಿಜವಾದ ಬಿಲ್ ಕೊಟ್ಟಿಲ್ಲ. ಈಗ 85,000 ತೆಗೆದುಕೊಂಡು ಇವರೂ ಪ್ರೊಜೆಕ್ಟರ್ ಹಾಕಿ ಪಾಠ ಮಾಡಿದರೆ ಏನು ಬಂತು? ಇನ್ನೊಂದು ಸಲ ಹೇಳುತ್ತೇನೆ, ಕೈಗೆ ಕೆಲಸ ಕೊಡದೆ ಸರ್ಟಿಫಿಕೇಟ್ ಕೊಡುವವರಿಗೆ ದುಡ್ಡು ಕಟ್ಟಬೇಡ.

ಆದರೆ ನಮ್ಮ ಮನೆಯಲ್ಲಿ ನನ್ನ ಮಾತು ಯಾರು ಕೇಳಿದ್ದಾರೆ? ದೊಡ್ಡಣ್ಣನ ಮಗ ಎಸ್ಸೆಸ್ಸೆಲ್ಸಿ ಆದಾಗ ಜಿಟಿಟಿಸಿಗೆ ಸೇರಿಸಿ ಅಂದೆ. ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವುದನ್ನು ಕಲಿಸುವ, 1972ರಿಂದ ಇರುವ ಸರ್ಕಾರಿ ಸಂಸ್ಥೆ. ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಕೊನೆಯ ವರ್ಷ ಪೂರ್ತಿ ಕಾರ್ಖಾನೆಯಲ್ಲೇ ಕಳೆಯಬೇಕು. "ಕಬ್ಬಿಣ ಉಜ್ಜುವ ಕೆಲಸ ನಿನ್ನೊಬ್ಬನಿಗೇ ಸಾಕು" ಅಂದರು, ಅತ್ತಿಗೆಯ ಎದುರಿಗೇ. ಭಾಗ ಆಗುವಾಗಲೂ ಆ 2,800ನ್ನು ನನ್ನ ಲೆಕ್ಕಕ್ಕೆ ಬರೆದರು. ದುಡ್ಡು ಹೋಗಲಿ, ನೀಲಿ ಯೂನಿಫಾರ್ಮ್ ಹಾಕಿಕೊಂಡು ಗೃಹಪ್ರವೇಶಕ್ಕೆ ಬಂದೆ ಅಂತ ಹಿಂದಿನ ಬಾಗಿಲಿನಿಂದ ಬಾ ಅಂದರಲ್ಲ, ಅದು ಇವತ್ತಿಗೂ ನೋಯುತ್ತದೆ. ಶಿಫ್ಟ್ ಮುಗಿಸಿ ನೇರ ಬಂದಿದ್ದೆ. ದೊಡ್ಡಣ್ಣಾ, ನೀವೂ ಇದನ್ನು ಕೇಳುತ್ತಿರುತ್ತೀರಿ. ಕೇಳಿ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ. ಪುಟ್ಟಿ, ಅಪ್ರೆಂಟಿಸ್, ಅಂದರೆ ಸಂಸ್ಥೆಯೊಳಗೆ ಕೆಲಸ ಮಾಡುತ್ತಲೇ ಕಲಿಯುವುದು, ಬರೀ ಐಟಿಐ ಹುಡುಗರಿಗೆ ಅಲ್ಲ. ಬಿಎ, ಬಿಕಾಂ, ಬಿಎಸ್ಸಿ ಆದವರಿಗೂ ಇದೆ. ನ್ಯಾಟ್ಸ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ ಇದೆ, ಹೆಸರು ನೋಂದಾಯಿಸಲು ಒಂದು ರೂಪಾಯಿ ಕೊಡಬೇಕಾಗಿಲ್ಲ. 30 ಜನ ಅಥವಾ ಜಾಸ್ತಿ ಇರುವ ಸಂಸ್ಥೆ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು ಅಂತ ಕಾನೂನಿದೆ. ಒಂದು ವರ್ಷ ಅವರ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕೂತು ಕಲಿಯಬಹುದು. ಪದವೀಧರರಿಗೆ ತಿಂಗಳಿಗೆ ಸ್ಟೈಪೆಂಡ್ ಅಂತ ಭತ್ಯೆ ಬರುತ್ತದೆ, 2019ರ ನಿಯಮದಲ್ಲಿ ಅದು ಕನಿಷ್ಠ 9,000 ಇತ್ತು. ನೀನು ಕೊಡುವುದಲ್ಲ, ಅವರೇ ಅವನಿಗೆ ಕೊಡುವುದು. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯ 3,000 ಅವನಿಗೆ ಬರುತ್ತಿದ್ದರೆ, ಅಪ್ರೆಂಟಿಸ್ ಆದ ಮೇಲೆ ಅದನ್ನು ನಿಲ್ಲಿಸಬೇಕು, ಎರಡೂ ಒಟ್ಟಿಗೆ ತೆಗೆದುಕೊಳ್ಳುವ ಹಾಗಿಲ್ಲ. ನಿನ್ನ ಚಿಕ್ಕ ಮಗಳು ಪಿಯುಸಿ ಮುಗಿಸಿದ ಮೇಲೆ, ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2024-25ರಿಂದ ಡಿಗ್ರಿಯ ಜೊತೆಗೇ ಅಪ್ರೆಂಟಿಸ್‌ಶಿಪ್ ಸೇರಿಸಿದ ಕೋರ್ಸ್ ಇದೆ, ಅದನ್ನೂ ವಿಚಾರಿಸು.

ಸೆಂಟರ್‌ನವರು ನಾಳೆಯೇ ಕೊನೇ ದಿನ ಅಂತ ಫೋನ್ ಮಾಡಿದರೆ ನನ್ನ ನಂಬರ್ ಕೊಡು. ಭಾನುವಾರ ಚಿನ್ನುವನ್ನು ಕಳಿಸು. ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ ತರಲಿ. ಖಾತೆಗೆ ಆಧಾರ್ ಲಿಂಕ್ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಲಿ. ನನ್ನ ಹತ್ತಿರ ಮೂರು ವರ್ಷದ ಬಿಲ್ಲಿನ ಫೈಲ್ ಇದೆ, ಊಟ ಆದ ಮೇಲೆ ಇಬ್ಬರೂ ಕೂತು ಒಂದೊಂದೇ ನೋಡುತ್ತೇವೆ.